ಹುಣಸೆಹಣ್ಣು ಹಚ್ಚಿದ ಸೆಂಟು: ಅಮೆರಿಕದ ಹಳೆಯ ತಾಮ್ರ ನಾಣ್ಯ ಕೂಡಿಸುವವರಿಗೆ

ಪ್ರಶ್ನೆ: ನಾನು ಹಾಸನದವನು. ಹನ್ನೊಂದು ವರ್ಷಗಳಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಪಕ್ಕದ ಊರಿನಲ್ಲಿ ಹಳೆ ಮನೆಯೊಂದರ ಸಾಮಾನು ಮಾರುವಾಗ ಒಂದು ಸಿಗಾರ್ ಡಬ್ಬಿಯನ್ನು 60 ಡಾಲರಿಗೆ ಕೊಂಡೆ. ಅದರಲ್ಲಿ ಎಂಟು ದೊಡ್ಡ ತಾಮ್ರದ ನಾಣ್ಯಗಳಿದ್ದವು. ಏಳರ ಮೇಲೆ 'ಒನ್ ಸೆಂಟ್' ಎಂದಿದೆ, 1798ರಿಂದ 1851ರವರೆಗಿನವು. ಎಂಟನೆಯದರಲ್ಲಿ ಕುದುರೆ ತಲೆ, ನೇಗಿಲು, 1787 ಎಂಬ ಇಸವಿ. ಊರಿನಿಂದ ಬಂದಿದ್ದ ಅಮ್ಮ 1798ರ ನಾಣ್ಯ ಕಪ್ಪಾಗಿದೆ ಎಂದು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ದೇವರ ಮುಂದೆ ಇಟ್ಟಿದ್ದಾರೆ. ಈಗ ಥಳಥಳ ಹೊಳೆಯುತ್ತಿದೆ. ಬೆಲೆ ಹೆಚ್ಚಿತೋ ಇಳಿಯಿತೋ? ಆನ್‌ಲೈನ್‌ನಲ್ಲಿ ಒಬ್ಬರು 1799ರ ಸೆಂಟನ್ನು 900 ಡಾಲರಿಗೆ ಕೊಡುತ್ತೇನೆ, ತೀರಾ ಅಪರೂಪದ್ದು ಅನ್ನುತ್ತಿದ್ದಾರೆ. ಕೊಳ್ಳಲೇ? ಈ ಹವ್ಯಾಸವನ್ನು ಸರಿಯಾಗಿ ಶುರು ಮಾಡುವುದು ಹೇಗೆ? ಊರಿನಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ 'ಇಪ್ಪತ್ತು ಕ್ಯಾಶ್' ಎಂದು ಬರೆದ ತಾಮ್ರದ ಕಾಸುಗಳಿವೆ, ಅವನ್ನೂ ಇಲ್ಲಿಗೆ ತರಬಹುದೇ?

ಉತ್ತರ: ಮೊದಲಿಗೆ, ಅಮ್ಮನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಚೊಂಬು, ಹಂಡೆ, ಪಂಚಪಾತ್ರೆ ತಿಕ್ಕಿ ಪಳಗಿದ ಕೈಗೆ ಕಪ್ಪಿಟ್ಟ ತಾಮ್ರ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಆದರೆ ನೀವು ಕೇಳಿದ್ದಕ್ಕೆ ನೇರ ಉತ್ತರ ಕೊಡಬೇಕು: ಬೆಲೆ ಇಳಿಯಿತು, ಚೆನ್ನಾಗಿಯೇ ಇಳಿಯಿತು.

ಏಕೆಂದು ಹೇಳುತ್ತೇನೆ, ಏಕೆಂದರೆ ಈ ಹವ್ಯಾಸದ ಜೀವ ಇರುವುದೇ ಅಲ್ಲಿ. ಇನ್ನೂರು ವರ್ಷ ಗಾಳಿ, ಕೈ, ಜೇಬು ಕಂಡ ತಾಮ್ರದ ಮೇಲೆ ತಾನೇ ತಾನಾಗಿ ಒಂದು ಪೊರೆ ಕೂರುತ್ತದೆ. ಅದು ಕೊಳೆಯಲ್ಲ. ತಾಮ್ರದ ಆಕ್ಸೈಡಿನ ಬಿಗಿಯಾದ, ತೆಳುವಾದ ಕವಚ ಅದು. ಒಳಗಿನ ಲೋಹವನ್ನು ಕಾಯುವುದೂ ಅದೇ, ಹಳೆ ಸೆಂಟಿಗೆ ಹುರಿದ ಕಾಫಿಬೀಜದಂಥ ಕಂದು ಬಣ್ಣ ಕೊಡುವುದೂ ಅದೇ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಉಪ್ಪಿನ ಜೊತೆ ಸೇರಿದರೆ ಆ ಪೊರೆಯನ್ನು ಕರಗಿಸಿ ಬಿಡುತ್ತದೆ. ಚೊಂಬಿಗೆ ಅದು ಒಳ್ಳೆಯದು, ಏಕೆಂದರೆ ಚೊಂಬನ್ನು ವಾರ ವಾರ ತಿಕ್ಕುತ್ತೇವೆ. ನಾಣ್ಯದಲ್ಲಿ ಪೊರೆ ಹೋದರೆ ಕೂದಲೆಳೆ, ಎಲೆಯ ನರ, ಅಕ್ಷರದ ಅಂಚು ಇವೆಲ್ಲದರ ಮೇಲ್ಪದರವೂ ಜೊತೆಗೆ ಹೋಗುತ್ತದೆ. ಉಳಿದ ಹಸಿ ತಾಮ್ರ ಮುಂದೆ ಸಮನಾಗಿ ಕಂದಾಗದೆ ಕಲೆಕಲೆಯಾಗಿ ಕಪ್ಪಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಉಪ್ಪು. ಅದರಲ್ಲಿರುವ ಕ್ಲೋರೈಡ್ ಸಣ್ಣ ರಂಧ್ರಗಳಲ್ಲಿ ಉಳಿದರೆ, ತೇವ ತಾಗಿದಾಗಲೆಲ್ಲ ತಿಳಿಹಸಿರು ಪುಡಿಪುಡಿಯಾದ ಕಿಲುಬು ಏಳುತ್ತದೆ.

ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ಆ ನಾಣ್ಯವನ್ನು ಗಾಜಿನ ಬಟ್ಟಲಿನಲ್ಲಿ ಡಿಸ್ಟಿಲ್ಡ್ ನೀರಿಗೆ ಹಾಕಿ. ನೀರನ್ನು ಎರಡು ಮೂರು ದಿನ ಬದಲಾಯಿಸುತ್ತಿರಿ, ತಿಕ್ಕಬೇಡಿ. ಆಮೇಲೆ ಶುದ್ಧ ಅಸಿಟೋನ್‌ನಲ್ಲಿ ಒಮ್ಮೆ ಅದ್ದಿ, ಮೆತ್ತನೆಯ ಹತ್ತಿಬಟ್ಟೆಯ ಮೇಲೆ ತಾನಾಗಿ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಉರಿಯುತ್ತಿರಬಾರದು. ನಂತರ ಕಾಗದದ ಲಕೋಟೆಯಲ್ಲಿಟ್ಟು ಒಂದೆರಡು ವರ್ಷ ಮರೆತುಬಿಡಿ. ಕಂದು ಬಣ್ಣ ಸ್ವಲ್ಪ ಸ್ವಲ್ಪ ಮರಳುತ್ತದೆ. ಹಳೆಯ ಸೊಬಗು ಬಾರದು, ಕಣ್ಣಿಗೆ ಚುಚ್ಚುವ ಗುಲಾಬಿ ಹೊಳಪಾದರೂ ತಗ್ಗೀತು. ಸಮಾಧಾನದ ಮಾತೆಂದರೆ, 1798ರ ಸೆಂಟು ಅಪರೂಪದ್ದಲ್ಲ; ಆ ಇಸವಿಯವು ಹದಿನೆಂಟು ಲಕ್ಷಕ್ಕೂ ಹೆಚ್ಚು ಅಚ್ಚಾಗಿದ್ದವು ಎಂಬ ಲೆಕ್ಕವಿದೆ.

ಈಗ 1799ಕ್ಕೆ ಬರೋಣ. ಕೊಳ್ಳಬೇಡಿ. ನಾಣ್ಯವನ್ನು ನಾನು ನೋಡಿಲ್ಲ, ಆದರೂ ಧೈರ್ಯವಾಗಿ ಹೇಳುತ್ತಿದ್ದೇನೆ.

ಅಮೆರಿಕದ ದೊಡ್ಡ ಸೆಂಟುಗಳು 1793ರಿಂದ 1857ರವರೆಗೆ ನಡೆದವು. ಅವುಗಳಲ್ಲಿ ಎಲ್ಲರೂ ಹುಡುಕುವ ಇಸವಿ 1799. ಟಂಕಸಾಲೆಯ ಲೆಕ್ಕದಲ್ಲಿ ಆ ವರ್ಷ ಒಂಬತ್ತು ಲಕ್ಷಕ್ಕೂ ಹೆಚ್ಚು ಸೆಂಟು ಹೊರಬಿದ್ದಿವೆ. ಹಾಗಾದರೆ ಅಪರೂಪ ಹೇಗೆ ಎಂದು ಕೇಳುತ್ತೀರಿ. ಆಗಿನ ಕಾಲದಲ್ಲಿ ಉಕ್ಕಿನ ಅಚ್ಚು ಕೊರೆಯುವುದು ದುಬಾರಿ ಕೆಲಸ. ಹೊಸ ವರ್ಷ ಬಂತೆಂದು ಯಾರೂ ಅಚ್ಚನ್ನು ಬಿಸಾಡುತ್ತಿರಲಿಲ್ಲ, ಒಡೆಯುವವರೆಗೂ ಬಳಸುತ್ತಿದ್ದರು. 1799ರಲ್ಲಿ ಹೊಡೆದ ಸೆಂಟುಗಳಲ್ಲಿ ಹೆಚ್ಚಿನವು 1798 ಎಂಬ ಇಸವಿಯನ್ನೇ ಹೊತ್ತಿವೆ. 1799 ಎಂದು ಬರೆದವು ಎರಡೇ ಬಗೆ: 8ರ ಮೇಲೆ 9 ಒತ್ತಿ ತಿದ್ದಿದ್ದು ಒಂದು, ನೇರವಾಗಿ ಕೊರೆದದ್ದು ಇನ್ನೊಂದು. ಉಳಿದಿರುವವೂ ಬಹುಪಾಲು ಸವೆದು, ಕಪ್ಪಾಗಿ, ಒರಟಾಗಿವೆ. ಇಸವಿ ಓದಲು ಬರುವ ನಿಜವಾದ 1799 ಹಲವು ಸಾವಿರ ಡಾಲರ್ ಬಾಳುತ್ತದೆ. ಅದನ್ನು 900ಕ್ಕೆ ಬಿಡುವವನಿಗೆ ನೀವು ಕಾಣದ ಏನೋ ಕಂಡಿದೆ.

ಇಲ್ಲಿ ನಡೆಯುವ ಹಳೆಯ ಮೋಸವೆಂದರೆ 1798ರ ನಾಣ್ಯದ ಕೊನೆಯ 8ನ್ನು ಸಣ್ಣ ಉಳಿಯಿಂದ ಕೆತ್ತಿ 9 ಮಾಡುವುದು. ಹತ್ತೊಂಬತ್ತನೆಯ ಶತಮಾನದಿಂದಲೇ ಇದು ನಡೆದುಬಂದಿದೆ. ಕಂಡುಹಿಡಿಯುವ ದಾರಿ ಸರಳ, ಆದರೆ ತಾಳ್ಮೆ ಬೇಕು. ಇಸವಿಯನ್ನು ನೋಡಲೇ ಬೇಡಿ. ಕೈಚಳಕದವನು ಒಂದು ಅಂಕಿಯನ್ನು ಬದಲಾಯಿಸಬಲ್ಲ, ಇಡೀ ಅಚ್ಚನ್ನು ಬದಲಾಯಿಸಲಾರ. 'ಲಿಬರ್ಟಿ'ಯ ಅಕ್ಷರಗಳ ನಡುವಿನ ಅಂತರ, ಕೂದಲಿನ ತುದಿಗೂ ಅಕ್ಷರಕ್ಕೂ ಇರುವ ದೂರ, ಹಿಂಬದಿಯ ಮಾಲೆಯಲ್ಲಿ ಯಾವ ಎಲೆ ಯಾವ ಅಕ್ಷರದ ಕೆಳಗೆ ಬರುತ್ತದೆ, ಹಣ್ಣುಗಳೆಷ್ಟು: ಇವನ್ನು ನಿಜವಾದ ಎರಡು 1799 ಬಗೆಗಳ ಚಿತ್ರದ ಪಕ್ಕ ಇಟ್ಟು ಹೋಲಿಸಿ. ಮುಂಬದಿ, ಹಿಂಬದಿಗಳಲ್ಲಿ ಒಂದಾದರೂ ಹೊಂದದಿದ್ದರೆ ಮಾತು ಮುಗಿಯಿತು. ನನ್ನ ಮೊದಲ ವರ್ಷದಲ್ಲಿ ನಾನೂ ಇದೇ ಇಸವಿಗೆ ಆಸೆಪಟ್ಟು, ಒಂದು ನಾಣ್ಯ ಮೇಳದಲ್ಲಿ ಒಬ್ಬ ವ್ಯಾಪಾರಿಯಿಂದ ಕೊಂಡು, ಮನೆಗೆ ಬಂದು ಭೂತಗನ್ನಡಿಯಲ್ಲಿ 9ರ ಸುತ್ತ ಕೆರೆದ ಗುರುತು ಕಂಡು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ನಿಮಗೆ ಹಾಗಾಗುವುದು ಬೇಡ.

ಅಂದಹಾಗೆ ಬೇರೆ ಮೋಸಗಳೂ ಇವೆ. ಹಿಂಬದಿಯಲ್ಲಿ ಸರಪಳಿಯ ಚಿತ್ರವಿರುವ 1793ರ ಸರಪಳಿ ಸೆಂಟಿನ ಹಳೆಯ ನಕಲುಗಳನ್ನು ವಿದ್ಯುತ್ ಲೇಪನದಿಂದ ಎರಡು ಚಿಪ್ಪು ಮಾಡಿ, ಒಳಗೆ ಸೀಸ ತುಂಬಿ ಬೆಸೆಯುತ್ತಿದ್ದರು. ಅಂಚನ್ನು ಸುತ್ತಲೂ ನೋಡಿದರೆ ಬೆಸುಗೆಯ ಗೆರೆ ಸಿಗುತ್ತದೆ, ತೂಕವೂ ತಪ್ಪಿರುತ್ತದೆ. ಈಚಿನ ನಕಲುಗಳು ಇದಕ್ಕಿಂತ ಜಾಣತನದವು. ಅಸಲಿ ನಾಣ್ಯವೊಂದರಿಂದಲೇ ಅಚ್ಚು ತೆಗೆದು ಒತ್ತಿರುತ್ತಾರೆ, ಆ ಅಸಲಿಯ ಮೇಲಿದ್ದ ಗೀರು ಪ್ರತಿಯೊಂದು ನಕಲಿನಲ್ಲೂ ಅದೇ ಜಾಗದಲ್ಲಿ ಇರುತ್ತದೆ. ದೊಡ್ಡ ಮೊತ್ತ ಕೊಡುವ ಮುನ್ನ ನಾಣ್ಯದ ಅಸಲಿತನ, ದರ್ಜೆ ನೋಡುವ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ ನಾಣ್ಯವನ್ನೇ ಕೇಳಿ. ಒಂದು ಗ್ರಾಮಿನ ನೂರನೆಯ ಭಾಗ ತೋರಿಸುವ ಸಣ್ಣ ತಕ್ಕಡಿಯನ್ನು ಈ ವಾರವೇ ತರಿಸಿಕೊಳ್ಳಿ. 1793ರಿಂದ 1795ರವರೆಗಿನ ದಪ್ಪ ಸೆಂಟು 208 ಗ್ರೇನ್, ಅಂದರೆ ಸುಮಾರು 13.48 ಗ್ರಾಂ. ತಾಮ್ರದ ಬೆಲೆ ಏರಿದ್ದರಿಂದ 1795ರ ಕೊನೆಯಲ್ಲಿ ಅದನ್ನು 168 ಗ್ರೇನ್‌ಗೆ, ಸುಮಾರು 10.89 ಗ್ರಾಂಗೆ ಇಳಿಸಿದರು. ಸವೆದ ನಾಣ್ಯ ಇದಕ್ಕಿಂತ ಸ್ವಲ್ಪ ಹಗುರ ಇರಬಹುದು, ಬಹಳ ಭಾರವಿದ್ದರೆ ಅನುಮಾನಪಡಿ.

ಇನ್ನು ಶುರು ಮಾಡುವ ಬಗೆ. ಹೆಚ್ಚಿನವರು ಇಸವಿಗೊಂದರಂತೆ ತುಂಬುತ್ತಾ ಹೋಗುತ್ತಾರೆ. ಅದು ತಪ್ಪಲ್ಲ. ಆದರೆ 1793, 1799, 1804 ಈ ಮೂರು ಅಪರೂಪದ ಇಸವಿಗಳ ಕಿಂಡಿಗಳು ಆಲ್ಬಮ್ಮಿನಲ್ಲಿ ಖಾಲಿ ಉಳಿದು ನಿಮ್ಮನ್ನು ಅವಸರಕ್ಕೆ ದೂಡುತ್ತವೆ, ಅವಸರದಲ್ಲೇ ಕೆಟ್ಟ ನಾಣ್ಯ ಕೈಸೇರುವುದು. ನನ್ನ ಸಲಹೆ ಬೇರೆ: ಒಂದೇ ವರ್ಷವನ್ನು ಹಿಡಿದು, ಅದರ ಅಚ್ಚುಭೇದಗಳನ್ನು, ಅಂದರೆ ಬೇರೆ ಬೇರೆ ಅಚ್ಚಿನಿಂದ ಬಂದ ನಾಣ್ಯಗಳ ವ್ಯತ್ಯಾಸಗಳನ್ನು ಕಲಿಯಿರಿ. ಹಾಗೆ ಕಲಿತವನಿಗೆ ಸವಕಲು ನಾಣ್ಯವೂ ಮಾತಾಡುತ್ತದೆ.

ಏಕೆ ಮಾತಾಡುತ್ತದೆ ಎಂದರೆ, ಫಿಲಡೆಲ್ಫಿಯಾದ ಸೆವೆಂತ್ ಸ್ಟ್ರೀಟಿನ ಆ ಮೊದಲ ಟಂಕಸಾಲೆ ಕೈಕೆಲಸದ ಮನೆ. 1792ರ ಏಪ್ರಿಲ್ 2ರ ಕಾಯ್ದೆ ಅದನ್ನು ಹುಟ್ಟುಹಾಕಿತು. 1793ರ ಮಾರ್ಚಿನಲ್ಲಿ ಮೊದಲ ಸೆಂಟುಗಳು ಬಂದವು. ಹಿಂಬದಿಯಲ್ಲಿ ಹದಿನೈದು ರಾಜ್ಯಗಳಿಗೆ ಹದಿನೈದು ಕೊಂಡಿಯ ಸರಪಳಿ. ಒಗ್ಗಟ್ಟಿನ ಗುರುತಾಗಲೆಂದು ಇಟ್ಟದ್ದು ಜನರಿಗೆ ಸಂಕೋಲೆಯಂತೆ ಕಂಡಿತು. ಸ್ವಾತಂತ್ರ್ಯಕ್ಕೆ ಅಪಶಕುನ, ಮುಂಬದಿಯ ಹೆಣ್ಣು ಬೆಚ್ಚಿಬಿದ್ದಂತಿದ್ದಾಳೆ ಎಂದು ಪತ್ರಿಕೆಯಲ್ಲಿ ಟೀಕೆ ಬಂತು. 36,103 ನಾಣ್ಯ ಹೊಡೆದ ಮೇಲೆ ಸರಪಳಿ ಹೋಗಿ ಎಲೆಮಾಲೆ ಬಂತು. ಅದೇ ವರ್ಷ ಮುಂದೆ ಜೋಸೆಫ್ ರೈಟ್ ಕೊರೆದ, ಕೋಲಿನ ತುದಿಯಲ್ಲಿ ಟೋಪಿಯಿರುವ ಲಿಬರ್ಟಿ, ಅಂದರೆ ಸ್ವಾತಂತ್ರ್ಯದ ಹೆಣ್ಣುರೂಪ, ಬಂದಳು. ಅಷ್ಟರಲ್ಲಿ ಹಳದಿಜ್ವರ ಊರನ್ನು ಹೊಕ್ಕಿತು, ರೈಟ್ ಅದಕ್ಕೇ ಬಲಿಯಾದರು. ಒಂದೇ ವರ್ಷದಲ್ಲಿ ಮೂರು ವಿನ್ಯಾಸ! ಸರಪಳಿ ಸೆಂಟೊಂದು 2012ರ ಹರಾಜಿನಲ್ಲಿ 13.8 ಲಕ್ಷ ಡಾಲರಿಗೆ ಹೋದದ್ದು ಸುದ್ದಿಯಾಯಿತು. ನನಗೆ ಆ ಬೆಲೆಗಿಂತ, ಹೊಸ ದೇಶವೊಂದು ತನ್ನ ಮುಖ ಹೇಗಿರಬೇಕೆಂದು ತಿಂಗಳು ತಿಂಗಳಿಗೂ ಕೊರೆದು, ಅಳಿಸಿ, ಮತ್ತೆ ಕೊರೆಯುವುದು ಅಂಗೈಮೇಲೆ ಕಾಣುತ್ತದಲ್ಲ, ಅದು ದೊಡ್ಡದು.

ಆ ಅಚ್ಚುಗಳ ಅಕ್ಷರ, ಅಂಕಿ, ಎಲೆ ಎಲ್ಲವನ್ನೂ ಒಂದೊಂದಾಗಿ ಕೈಯಿಂದ ಕೂರಿಸುತ್ತಿದ್ದರು. ಹಾಗಾಗಿ ಎರಡು ಅಚ್ಚು ಒಂದೇ ತರಹ ಇರುವುದಿಲ್ಲ, ತಪ್ಪುಗಳಿಗೂ ಲೆಕ್ಕವಿಲ್ಲ. 1796ರ ಒಂದು ಅಚ್ಚಿನಲ್ಲಿ 'ಲಿಬರ್ಟಿ'ಯ ಬಿ ಅಕ್ಷರವನ್ನು ತಿರುವುಮುರುವಾಗಿ ಒತ್ತಿ ಆಮೇಲೆ ತಿದ್ದಿದ್ದಾರೆ, ಓದಿದರೆ 'ಲಿಹರ್ಟಿ'. 1801ರ ಒಂದು ಹಿಂಬದಿಯಲ್ಲಿ ಒಟ್ಟಿಗೆ ಮೂರು ತಪ್ಪು: ನೂರರ ಒಂದು ಭಾಗ ಎಂದು ಬರೆಯುವಲ್ಲಿ ಕೆಳಗೆ ಮೂರು ಸೊನ್ನೆ, 'ಯುನೈಟೆಡ್'ನ ಯು ಅಕ್ಷರ ಎರಡು ಐಗಳಂತೆ, ಮಾಲೆಗೆ ಒಂದೇ ತೊಟ್ಟು. 1794ರ ಒಂದು ಹಿಂಬದಿಯಲ್ಲಿ ಅಂಚಿನ ಹಲ್ಲುಗಳ ನಡುವೆ 94 ಪುಟ್ಟ ನಕ್ಷತ್ರಗಳಿವೆ. ಯಾರು, ಯಾಕೆ ಇಟ್ಟರೆಂದು ಟಂಕಸಾಲೆ ಬರೆದಿಡಲಿಲ್ಲ.

ಅದೇ 1794 ನಾನು ಪ್ರೀತಿಸುವ ವರ್ಷ. ಫಿಲಡೆಲ್ಫಿಯಾದ ವೈದ್ಯ ಎಡ್ವರ್ಡ್ ಮಾರಿಸ್ 1869ರಲ್ಲಿ ಆ ವರ್ಷದ ಸೆಂಟುಗಳನ್ನು ಬಿಡಿಸಿ ವಿಂಗಡಿಸಿ, ಮಕ್ಕಳಿಗೆ ಹೆಸರಿಟ್ಟಂತೆ ಹೆಸರಿಟ್ಟರು: ಜೋಡಿಗಲ್ಲದವಳು, ವಾಲಿದ ನಾಲ್ಕು, ಸೊಟ್ಟ ಏಳು, ಪ್ಯಾಟಗೋನಿಯದವಳು, ಬಿದ್ದ ನಾಲ್ಕು. ಮುಂದೆ 1949ರಲ್ಲಿ ವಿಲಿಯಂ ಶೆಲ್ಡನ್ 1793ರಿಂದ 1814ರವರೆಗಿನ ಸೆಂಟುಗಳ ಮುಂಬದಿ, ಹಿಂಬದಿ ಅಚ್ಚುಜೋಡಿಗಳಿಗೆಲ್ಲ ಅಂಕಿ ಕೊಟ್ಟರು. ಇವತ್ತಿಗೂ ನಾವು ಆ ಅಂಕಿಯಿಂದಲೇ ಕರೆಯುವುದು. 1794ರದ್ದು 17ರಿಂದ 72. ಈಗ ಜಗತ್ತಿನ ನಾಣ್ಯಗಳಿಗೆಲ್ಲ ಹಚ್ಚುವ 70 ಅಂಕದ ದರ್ಜೆಯೂ ಇವರಿಂದ, ಈ ತಾಮ್ರದ ಸೆಂಟಿನಿಂದಲೇ ಹುಟ್ಟಿತು. ತೀರಾ ಸವೆದ ನಾಣ್ಯಕ್ಕೆ ಒಂದು ಡಾಲರಾದರೆ ಅಚ್ಚಿನಿಂದ ಈಗಷ್ಟೇ ಬಂದಂತಿರುವುದಕ್ಕೆ ಎಪ್ಪತ್ತು ಎಂಬುದು ಅವರ ಲೆಕ್ಕ. ದುಃಖದ ಸಂಗತಿಯೆಂದರೆ, ಇದೇ ಶೆಲ್ಡನ್ ನ್ಯೂಯಾರ್ಕಿನ ಅಮೆರಿಕನ್ ನ್ಯುಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿ, ಅದೇ ಬಗೆಯ ಕೆಳದರ್ಜೆಯವನ್ನು ಆ ಜಾಗದಲ್ಲಿಟ್ಟಿದ್ದರು. ಮುಂದೆ ಅದು ಬಯಲಾದದ್ದು ಹಳೆಯ ಫೋಟೋಗಳಿಂದ. ನೀವೂ ನಿಮ್ಮ ಎಂಟು ನಾಣ್ಯಗಳ ಎರಡೂ ಬದಿಯ ಫೋಟೋ ತೆಗೆದು, ತೂಕದ ಸಮೇತ ಇಟ್ಟುಕೊಳ್ಳಿ. ಒಂದು ತಾಮ್ರದ ನಾಣ್ಯದ ಗೀರು, ಕಲೆ ಇನ್ನೊಂದಕ್ಕೆ ಬರುವುದಿಲ್ಲ, ಅದು ಬೆರಳಚ್ಚು ಇದ್ದ ಹಾಗೆ.

ದರ್ಜೆಯ ವಿಷಯದಲ್ಲಿ ತಾಮ್ರದವರ ಲೆಕ್ಕ ಉಳಿದವರಿಗಿಂತ ಕಟ್ಟುನಿಟ್ಟು. 1967ರಲ್ಲಿ ಹುಟ್ಟಿದ ಅರ್ಲಿ ಅಮೆರಿಕನ್ ಕಾಪರ್ಸ್ ಎಂಬ ಸಂಘ ರೂಢಿಸಿರುವ ಕ್ರಮದಲ್ಲಿ ಮೊದಲು ಸವೆತ ನೋಡಿ ಒಂದು ಅಂಕ ಹಾಕುತ್ತಾರೆ, ಆಮೇಲೆ ಕಿಲುಬು, ಕುಳಿ, ಗೀರು, ತಿಕ್ಕಿದ ಗುರುತು ಒಂದೊಂದಕ್ಕೂ ಕಳೆಯುತ್ತಾರೆ. ಸವೆತದಲ್ಲಿ 30 ಅಂಕ ಪಡೆದ ನಾಣ್ಯ ಒರಟು ಮೈಯಿಂದಾಗಿ 12ಕ್ಕೆ ನಿಲ್ಲಬಹುದು. ನಿಮ್ಮ 1798ರದ್ದಕ್ಕೆ ಆಗುವುದೂ ಹೀಗೆಯೇ. ಈ ಸಂಘಕ್ಕೆ ಸೇರಿ, ಚಂದಾ ಹಣ ದಂಡವಾಗುವುದಿಲ್ಲ. ಅಲ್ಲಿನ ಹಿರಿಯರು ತಮ್ಮ ನಾಣ್ಯವನ್ನು ಹೊಸಬರ ಕೈಗೆ ಕೊಟ್ಟು ತೋರಿಸುತ್ತಾರೆ. ಮೈ ನಯವಿರುವ ಸೆಂಟು ಬೆರಳಿಗೆ ಹೇಗಿರುತ್ತದೆ ಎಂದು ಚಿತ್ರ ನೋಡಿ ಯಾರೂ ಕಲಿತಿಲ್ಲ.

ಕೊಳ್ಳುವಾಗ 1840ರ, 1850ರ ದಶಕದ ಸಾಧಾರಣ ಸೆಂಟುಗಳಿಂದ ಶುರು ಮಾಡಿ. ಮೂವತ್ತು ನಲವತ್ತು ಡಾಲರಿಗೆ ನಯವಾದ ಮೈಯವು ಸಿಗುತ್ತವೆ. ಹತ್ತು ಅಂಥವನ್ನು ದಿನಾ ನೋಡಿದ ಕಣ್ಣಿಗೆ ಬಣ್ಣ ಹಚ್ಚಿದ್ದು, ಎಣ್ಣೆ ಬಳಿದು ಕಿಲುಬು ಮುಚ್ಚಿದ್ದು ತಾನಾಗಿ ಕಾಣತೊಡಗುತ್ತದೆ. 1815ರ ಸೆಂಟು ಕೊಡುತ್ತೇವೆ ಎಂದು ಬಂದವರನ್ನು ಹಾಗೇ ಕಳಿಸಿ. 1793ರಿಂದ 1857ರವರೆಗಿನ ಸಾಲಿನಲ್ಲಿ ಇಲ್ಲದ ಇಸವಿ ಅದೊಂದೇ. ಇಂಗ್ಲೆಂಡಿನ ಜೊತೆ ಯುದ್ಧ ನಡೆದು, ಅಲ್ಲಿಂದ ಬರಬೇಕಾದ, ಇನ್ನೂ ಅಚ್ಚು ಬೀಳದ ತಾಮ್ರದ ಬಿಲ್ಲೆಗಳು ನಿಂತುಹೋಗಿದ್ದವು. ಅರ್ಧ ಸೆಂಟುಗಳದು ಇನ್ನೊಂದು ಲೋಕ, ಅದಕ್ಕೆ ಈಗಲೇ ಕೈಹಾಕಬೇಡಿ. ಒಂದು ಮಾತು ಮಾತ್ರ ಹೇಳುತ್ತೇನೆ: ತಾಮ್ರ ಸಿಗದೆ, ಟಾಲ್ಬಟ್ ಆಲಮ್ ಅಂಡ್ ಲೀ ಎಂಬ ನ್ಯೂಯಾರ್ಕ್ ವ್ಯಾಪಾರಿಗಳ ಟೋಕನ್‌ಗಳನ್ನೇ ಕತ್ತರಿಸಿ ಕೆಲವು ಅರ್ಧ ಸೆಂಟು ಹೊಡೆದಿದ್ದಾರೆ, ಅವುಗಳಲ್ಲಿ ಕೆಲವುದರ ಮೇಲೆ ಹಡಗಿನ ಹಗ್ಗ, ಅಕ್ಷರದ ತುಣುಕು ಇನ್ನೂ ಉಳಿದಿವೆ.

ನಿಮ್ಮ ಡಬ್ಬಿಯಲ್ಲಿ ನನಗೆ ಕುತೂಹಲ ಹುಟ್ಟಿಸಿರುವುದು ಆ ಕುದುರೆ ತಲೆ. ಅದು ಸೆಂಟಲ್ಲ, ಫೆಡರಲ್ ಟಂಕಸಾಲೆಗಿಂತ ಮೊದಲಿನ ನ್ಯೂಜೆರ್ಸಿ ತಾಮ್ರ. 1786ರ ಜೂನ್ 1ರಂದು ನಿಮ್ಮ ರಾಜ್ಯದ ಶಾಸಕಾಂಗ ಮೂವತ್ತು ಲಕ್ಷ ತಾಮ್ರ ನಾಣ್ಯ ಹೊಡೆಯಲು ವಾಲ್ಟರ್ ಮೋಲ್ಡ್, ಥಾಮಸ್ ಗೋಡ್ಸ್‌ಬಿ, ಆಲ್ಬಿಯನ್ ಕಾಕ್ಸ್ ಎಂಬ ಮೂವರಿಗೆ ಗುತ್ತಿಗೆ ಕೊಟ್ಟಿತು. ತೂಕ 150 ಗ್ರೇನ್, ಸುಮಾರು 9.7 ಗ್ರಾಂ. ಕೆಲಸ ನಡೆದ ಜಾಗಗಳಲ್ಲಿ ಒಂದು ರಾಹ್ವೆ, ಎಡಿಸನ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಕುದುರೆಯ ಸುತ್ತ 'ನೋವಾ ಸೀಸರಿಯಾ' ಎಂದಿದೆಯಲ್ಲ, ಅದು ನ್ಯೂಜೆರ್ಸಿಯ ಲ್ಯಾಟಿನ್ ಹೆಸರು. ಹಿಂಬದಿಯ ಗುರಾಣಿಯ ಸುತ್ತ 'ಇ ಪ್ಲೂರಿಬಸ್ ಯೂನಮ್', ಹಲವರಿಂದ ಒಂದು. ಈ ದೇಶದ ನಾಣ್ಯದ ಮೇಲೆ ಆ ಮಾತು ಮೊದಲು ಬಂದ ಸಾಲು ಇದೇ. ಇದರಲ್ಲೂ ನೂರಕ್ಕೂ ಹೆಚ್ಚು ಅಚ್ಚುಜೋಡಿಗಳಿವೆ. ಅವನ್ನೂ ಅದೇ ಡಾಕ್ಟರ್ ಮಾರಿಸ್ 1881ರಲ್ಲಿ ಮುಂಬದಿಗೆ ಅಂಕಿ, ಹಿಂಬದಿಗೆ ಅಕ್ಷರ ಕೊಟ್ಟು ಪಟ್ಟಿ ಮಾಡಿದರು.

ಇಳಿಬಿಸಿಲಿನಲ್ಲಿ ಅದನ್ನು ಓರೆಯಾಗಿ ಹಿಡಿದು ನೋಡಿ. ಕುದುರೆಯ ಕೆಳಗೆ ಬೇರೆ ಯಾವುದಾದರೂ ತಲೆಯ ಗೆರೆ, ಬೇರೆ ಅಕ್ಷರದ ನೆರಳು ಕಾಣುತ್ತದೆಯೇ? ಕನೆಕ್ಟಿಕಟ್ ತಾಮ್ರ, ಬ್ರಿಟಿಷ್ ಅರ್ಧ ಪೆನ್ನಿ ಹೀಗೆ ಸಿಕ್ಕ ನಾಣ್ಯಗಳ ಮೇಲೆಯೇ ಒತ್ತಿದ ಜೆರ್ಸಿ ತಾಮ್ರಗಳಿವೆ, ಅವಕ್ಕೆ ಬೇಡಿಕೆ ಹೆಚ್ಚು. ಡಬ್ಬಿಗೆ ಕೊಟ್ಟ 60 ಡಾಲರು ಈ ಒಂದು ನಾಣ್ಯದಿಂದಲೇ ವಾಪಸು ಬಂದೀತು. ನೀವು ಒಂದನ್ನೇ ಹಿಡಿದು ಕೂಡಿಸುವುದಾದರೆ ನಾನಾದರೆ 1794 ಅನ್ನುತ್ತಿದ್ದೆ, ಆದರೆ ನಿಮ್ಮ ಊರಿನ ಪಕ್ಕದಲ್ಲೇ ಹುಟ್ಟಿದ ನಾಣ್ಯ ತಾನಾಗಿ ಕೈಗೆ ಬಂದಿರುವಾಗ ಇದನ್ನೇ ಹಿಡಿಯಿರಿ.

ಇಡುವ ಬಗೆ ಹೇಳಿಬಿಡುತ್ತೇನೆ. ಅಂಚಿನಲ್ಲಿ ಮಾತ್ರ ಹಿಡಿಯಿರಿ, ಬೆರಳಿನ ಬೆವರು ತಾಮ್ರದಲ್ಲಿ ಅಚ್ಚೊತ್ತಿದರೆ ಹೋಗುವುದಿಲ್ಲ. ನಾಣ್ಯವನ್ನು ಎದುರಿಗಿಟ್ಟುಕೊಂಡು ಮಾತಾಡಬೇಡಿ, ಎಂಜಲಿನ ಹನಿ ಬಿದ್ದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲ ಬೇಡ, ಅದು ಬೆವೆತು ಹಸಿರು ಅಂಟು ಬಿಡುತ್ತದೆ. ಹತ್ತಿಯ ಪುಟ್ಟ ಚೀಲದಲ್ಲಿ ಹಾಕಿ ಕಾಗದದ ಲಕೋಟೆಯಲ್ಲಿಟ್ಟರೆ ಸಾಕು, ಪೆಟ್ಟಿಗೆಯಲ್ಲಿ ಎರಡು ಸಿಲಿಕಾ ಪೊಟ್ಟಣ ಇರಲಿ. ಕಿಲುಬು ಕಂಡರೆ ಲೋಹದ ಸೂಜಿ ಎತ್ತಿಕೊಳ್ಳಬೇಡಿ. ತಾಮ್ರದವರು ಅದನ್ನು ಎಣ್ಣೆಯಲ್ಲಿ ನೆನೆಸಿ, ಗುಲಾಬಿ ಮುಳ್ಳಿನ ತುದಿಯಿಂದ ಗಂಟೆಗಟ್ಟಲೆ ಕೂತು ಬಿಡಿಸುತ್ತಾರೆ. ಅದನ್ನು ಬೆಲೆಯಿಲ್ಲದ ನಾಣ್ಯದ ಮೇಲೆ ಕಲಿತ ಮೇಲೆ ಮಾಡಿ.

ಕೊನೆಗೆ ಅಜ್ಜಿಯ ಕಾಸು. ಅದರ ಮೇಲೆ ಎರಡು ಸಿಂಹ ಹಿಡಿದ ಲಾಂಛನ, 1803 ಅಥವಾ 1808 ಎಂಬ ಇಸವಿ ಇದ್ದರೆ ಅದು ಈಸ್ಟ್ ಇಂಡಿಯಾ ಕಂಪನಿ ಮದರಾಸು ಪ್ರಾಂತ್ಯಕ್ಕೆ ತರಿಸಿದ್ದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಥ್ಯೂ ಬೌಲ್ಟನ್ ಅವರ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಹೊಡೆದ ಕಾಸುಗಳು ಅವು. ಫಿಲಡೆಲ್ಫಿಯಾ ತನ್ನ ಸೆಂಟುಗಳಿಗೆ ನಯವಾದ ಬಿಲ್ಲೆಗಳನ್ನು ತರಿಸಿಕೊಳ್ಳುತ್ತಿದ್ದದ್ದೂ ಅದೇ ಬೌಲ್ಟನ್‌ರಿಂದ. ನಿಮ್ಮ ಡಬ್ಬಿಯಲ್ಲಿ 1800ರ ಆಚೀಚಿನ ನುಣುಪಾದ ಸೆಂಟೇನಾದರೂ ಇದ್ದರೆ, ಅದೂ ಅಜ್ಜಿಯ ಕಾಸೂ ಒಂದೇ ಕಾರ್ಖಾನೆಯ ತಾಮ್ರವಾಗಿರುವ ಸಾಧ್ಯತೆ ಇದೆ. ಸಿಂಹಗಳ ಬದಲು ಆನೆ, ಕನ್ನಡದಲ್ಲಿ 'ಮಯಿಲಿ ಕಾಸು' ಎಂಬ ಬರಹ ಇದ್ದರೆ ಮಾತೇ ಬೇರೆ, ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ನಮ್ಮ ಮೈಸೂರಿನದು.

ಎರಡರಲ್ಲಿ ಯಾವುದಾದರೂ ಇಲ್ಲಿಗೆ ತರಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯಾಗಿ ಭಾರತದಿಂದ ಹೊರಗೆ ಒಯ್ಯುವ ಹಾಗಿಲ್ಲ. ಬೆಲೆ ಐವತ್ತು ರೂಪಾಯಿಯಿರಲಿ, ಐದು ಲಕ್ಷವಿರಲಿ, ನಿಯಮ ಒಂದೇ. ಮುಂದಿನ ಸಲ ಹಾಸನಕ್ಕೆ ಹೋದಾಗ ಆ ಚಿಕ್ಕ ತಕ್ಕಡಿಯನ್ನು ಜೊತೆಗೆ ಒಯ್ಯಿರಿ. ತೂಕ ಬರೆದುಕೊಂಡು, ಎರಡೂ ಬದಿಯ ಫೋಟೋ ತೆಗೆದು, ಕಾಗದದಲ್ಲಿ ಸುತ್ತಿ ಅಜ್ಜಿಯ ಪೆಟ್ಟಿಗೆಯಲ್ಲೇ ಇಟ್ಟು ಬನ್ನಿ. ಅವುಗಳ ಜೊತೆ ಕುದುರೆ ತಲೆಯ ಫೋಟೋವನ್ನೂ ಕಳಿಸಿದರೆ ಮಾರಿಸ್ ಸಂಖ್ಯೆ ಯಾವುದೆಂದು ಕೂತು ನೋಡುತ್ತೇನೆ.